ಪಡುವಣ ಗೋಡೆಯ ಯುಪಿವಿಸಿ ಕಿಟಕಿಯಿಂದ ಮಳೆನೀರು ಒಳಬರುತ್ತಿದೆ: ದೋಷ ಕಿಟಕಿಯದೋ, ಕೂರಿಸಿದ ರೀತಿಯದೋ?

ಶಾಮನೂರು ರಸ್ತೆ, ದಾವಣಗೆರೆ (ಚರ್ಚೆ ಆರಂಭಿಸಿದವರು)

ಮಾನ್ಯರೇ, ನಮ್ಮ ಹೊಸ ಮನೆಯ ಗೃಹಪ್ರವೇಶವಾಗಿ ಒಂದೂವರೆ ವರ್ಷವಾಯಿತು. ತಲೆಬಾಗಿಲು ಮತ್ತು ದೇವರಮನೆಯ ಬಾಗಿಲನ್ನು ತೇಗದಲ್ಲಿ ಮಾಡಿಸಿ, ಉಳಿದ ಎಲ್ಲ ಕಿಟಕಿಗಳಿಗೂ ಹಿತ್ತಲ ಬಾಗಿಲಿಗೂ ಬಿಳಿ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಹಾಕಿಸಿದೆವು. ಹಳೆಯ ಮನೆಯಲ್ಲಿ ಗೆದ್ದಲು ಹಿಡಿದ ಚೌಕಟ್ಟುಗಳನ್ನು ಎರಡು ಸಲ ಬದಲಾಯಿಸಿದ್ದ ನಮಗೆ, ಈ ಸಲ ಆ ಚಿಂತೆ ಇರುವುದಿಲ್ಲ ಎಂಬುದೇ ದೊಡ್ಡ ಸಮಾಧಾನವಾಗಿತ್ತು.

ಈಗ ತೊಂದರೆ ಬಂದಿರುವುದು ಪಡಸಾಲೆಯ ಪಶ್ಚಿಮ ಗೋಡೆಯಲ್ಲಿರುವ 6 ಅಡಿ ಅಗಲ, 4 ಅಡಿ ಎತ್ತರದ ಸ್ಲೈಡಿಂಗ್ ಕಿಟಕಿಯಲ್ಲಿ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಬೆಳಿಗ್ಗೆ ಒಂದು ಬೆರಳಿನಲ್ಲಿ ಸರಿಯುವ ಕದ, ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಎರಡೂ ಕೈ ಹಾಕಿ ಎಳೆದರೂ ಅಲ್ಲಾಡುವುದಿಲ್ಲ. ಮಳೆಗಾಲದಲ್ಲಿ ಗಾಳಿ ಸೇರಿ ಮಳೆ ಬಂದರೆ, ಕದ ಓಡುವ ತಳದ ಟ್ರ್ಯಾಕ್‌ನಲ್ಲಿ ನೀರು ತುಂಬಿಕೊಂಡು ಒಳಗೋಡೆಯ ಮೇಲೆ ಇಳಿಯುತ್ತದೆ. ಕಿಟಕಿ ಕೂರಿಸಿದವರು ಎರಡು ಸಲ ಬಂದು, ಹೊರಗಿನಿಂದ ಕಾಣುವ ಸಂದುಗಳಿಗೆಲ್ಲ ಸಿಲಿಕೋನ್ ತುಂಬಿ ಹೋದರು. ಅದಾದ ಮೇಲೆ ನೀರು ಇನ್ನೂ ಹೆಚ್ಚಾಗಿದೆ. ಇಡೀ ಕಿಟಕಿಯನ್ನೇ ಬದಲಾಯಿಸಬೇಕಾಗುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಯುಪಿವಿಸಿ ಕಿಟಕಿ ತಯಾರಕ, ಚಿತ್ರದುರ್ಗ

ತಾವು ಬರೆದ ಎರಡು ಲಕ್ಷಣಗಳೂ, ಅಂದರೆ ಬಿಸಿಲಿಗೆ ಕದ ಬಿಗಿಯಾಗುವುದು ಮತ್ತು ಸಿಲಿಕೋನ್ ಹಾಕಿದ ಮೇಲೆ ನೀರು ಹೆಚ್ಚಾದದ್ದು, ಕಿಟಕಿಗಿಂತ ಹೆಚ್ಚಾಗಿ ಕೂರಿಸಿದ ಕ್ರಮದ ಕಡೆಗೇ ಬೆರಳು ತೋರಿಸುತ್ತವೆ. ಖಚಿತವಾಗಿ ಹೇಳುವ ಮೊದಲು ಮೂರು ವಿಷಯ ತಿಳಿಯಬೇಕು. ಚೌಕಟ್ಟನ್ನು ಗಿಲಾವಿಗೆ ಮೊದಲು ಕೂರಿಸಿದರೋ, ಆಮೇಲೋ? ಚೌಕಟ್ಟಿನ ಕೆಳಪಟ್ಟಿಯ ಹೊರಮೈಯಲ್ಲಿ ಬೆರಳಿನಷ್ಟು ಉದ್ದದ ಸಣ್ಣ ಸೀಳುಕಂಡಿಗಳು ಕಾಣುತ್ತವೆಯೇ? ಕಿಟಕಿಯ ಕೆಳಗೆ ಹಾಸಿದ ಗ್ರಾನೈಟ್ ಹೊರಗಡೆ ಚೌಕಟ್ಟಿಗಿಂತ ಕೆಳಗಿದೆಯೋ, ಚೌಕಟ್ಟಿಗೆ ತಾಗಿ ಮೇಲೆದ್ದಿದೆಯೋ?

ಶಾಮನೂರು ರಸ್ತೆ, ದಾವಣಗೆರೆ

ಇವತ್ತು ಏಣಿ ಹಾಕಿ ನೋಡಿದೆ. ಚೌಕಟ್ಟನ್ನು ಗಿಲಾವಿಗೆ ಮೊದಲೇ ನಿಲ್ಲಿಸಿದ್ದರು, ಮೇಸ್ತ್ರಿಯವರು ಸುತ್ತಲೂ ಸಿಮೆಂಟ್ ಗಾರೆಯನ್ನು ಚೌಕಟ್ಟಿಗೆ ಒತ್ತಿ ತುಂಬಿದರು. ಮರದ ಚೌಕಟ್ಟಿಗೆ ಹಾಗೆಯೇ ಮಾಡುತ್ತಾರಾದ್ದರಿಂದ ನಮಗೂ ಅದು ತಪ್ಪೆನ್ನಿಸಲಿಲ್ಲ. ಸೀಳುಕಂಡಿಗಳು ಮೂರು ಇವೆ. ಒಂದನ್ನು ಗ್ರಾನೈಟ್ ಅಂಚು ಮುಚ್ಚಿದೆ, ಉಳಿದ ಎರಡರೊಳಗೆ ಸಿಲಿಕೋನ್ ತುಂಬಿದೆ.

ಯುಪಿವಿಸಿ ಕಿಟಕಿ ತಯಾರಕ, ಚಿತ್ರದುರ್ಗ

ಹಾಗಿದ್ದರೆ ಕಿಟಕಿ ಬದಲಾಯಿಸುವ ಅಗತ್ಯ ಬಹುಶಃ ಬರುವುದಿಲ್ಲ. ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ನಮ್ಮ ಎರಡೂ ಜಿಲ್ಲೆಗಳಲ್ಲಿ ನಾನು ರಿಪೇರಿಗೆ ಹೋಗುವ ಕಿಟಕಿಗಳಲ್ಲಿ ಬಹುಪಾಲು ಇದೇ ಎರಡು ತಪ್ಪುಗಳಿಂದ ಕೆಟ್ಟಿರುತ್ತವೆ.

ಮೊದಲನೆಯದು ಗಾರೆ. ಯುಪಿವಿಸಿ ಎಂದರೆ ಮೆದುಕಾರಕ ಬೆರೆಸದ ಗಟ್ಟಿ ಪಿವಿಸಿ. ಅದು ಬಿಸಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ, ಮತ್ತು ಇಟ್ಟಿಗೆ, ಕಾಂಕ್ರೀಟುಗಳಿಗಿಂತ ಏಳೆಂಟು ಪಟ್ಟು ಹೆಚ್ಚು ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಪಟ್ಟಿ ಒಂದು ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು 0.07 ಮಿ.ಮೀ. ಬೆಳೆಯುತ್ತದೆ ಎಂದು ಲೆಕ್ಕ. ತಮ್ಮ ಕಿಟಕಿಯ ಅಗಲ 6 ಅಡಿ, ಅಂದರೆ ಸುಮಾರು 1.8 ಮೀಟರ್. ಬೆಳಗಿನ ಜಾವದ 20 ಡಿಗ್ರಿಯಿಂದ, ಪಶ್ಚಿಮದ ಬಿಸಿಲು ನೇರವಾಗಿ ಹೊಡೆಯುವ ಹೊತ್ತಿಗೆ ಚೌಕಟ್ಟಿನ ಮೈ 50 ಡಿಗ್ರಿ ಮುಟ್ಟಿತೆಂದರೆ, ಅದು 4 ಮಿ.ಮೀ.ಗೆ ಹತ್ತಿರ ಬೆಳೆಯಲು ನೋಡುತ್ತದೆ. ಸುತ್ತಲೂ ಗಾರೆ ಬಿಗಿದಿದ್ದರೆ ಬೆಳೆಯಲು ಜಾಗವಿಲ್ಲ. ಆಗ ಪಟ್ಟಿ ಬಿಲ್ಲಿನಂತೆ ಬಾಗುತ್ತದೆ, ಬಾಗಿದ ಟ್ರ್ಯಾಕ್ ಮೇಲೆ ರೋಲರ್ ಸಿಕ್ಕಿಕೊಳ್ಳುತ್ತದೆ. ಸಂಜೆ ತಂಪಾದ ಮೇಲೆ ಕದ ತಾನಾಗಿಯೇ ಸಡಿಲವಾಗುವುದನ್ನು ತಾವು ಗಮನಿಸಿರಬಹುದು. ಗಾಢ ಬಣ್ಣದ ಅಥವಾ ಮರದ ಛಾಯೆಯ ಚೌಕಟ್ಟು ಬಿಳಿಯದಕ್ಕಿಂತ ಹೆಚ್ಚು ಬಿಸಿಯಾಗುವುದರಿಂದ ಅಲ್ಲಿ ಈ ತೊಂದರೆ ಇನ್ನೂ ಬೇಗ ಕಾಣಿಸುತ್ತದೆ.

ಆದ್ದರಿಂದ ಗಿಲಾವು ಮುಗಿದು, ಕಿಟಕಿಯ ಬಾಯಿ ನಾಲ್ಕೂ ಕಡೆ ಗಟ್ಟಿಯಾಗಿ ಚೌಕಾಕಾರಕ್ಕೆ ಬಂದ ಮೇಲೆಯೇ ಅಳತೆ ತೆಗೆಯಬೇಕು. ಅಗಲವನ್ನು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ ಅಳೆದು, ಅತಿ ಕಡಿಮೆ ಬಂದ ಅಳತೆಯನ್ನು ಹಿಡಿದು, ಪ್ರತಿ ಬದಿಗೂ 5ರಿಂದ 10 ಮಿ.ಮೀ. ಬಿಟ್ಟು ಚೌಕಟ್ಟು ಮಾಡಬೇಕು. ಕೂರಿಸುವಾಗ ತಳಕ್ಕೂ ಬದಿಗಳಿಗೂ ಪ್ಲಾಸ್ಟಿಕ್ ಬೆಣೆ ಕೊಟ್ಟು, ರಸಮಟ್ಟದಲ್ಲಿ ಮಟ್ಟ ನೋಡಿ, ಎರಡೂ ಕರ್ಣಗಳನ್ನು ಅಳೆದು ಸಮವಿದೆಯೆಂದು ಖಚಿತವಾದ ಮೇಲೆ ಸ್ಕ್ರೂ ಬಿಗಿಯಬೇಕು. ಮೂಲೆಯಿಂದ 6ರಿಂದ 10 ಅಂಗುಲದೊಳಗೆ ಮೊದಲ ಸ್ಕ್ರೂ, ಆಮೇಲೆ ಒಂದಕ್ಕೊಂದು 2 ಅಡಿಗಿಂತ ದೂರವಿಲ್ಲದಂತೆ ಉಳಿದವು. ಸ್ಕ್ರೂ ಇರುವ ಕಡೆ ಹಿಂದೆ ಬೆಣೆ ಇರಲೇಬೇಕು. ಇಲ್ಲದಿದ್ದರೆ ಬಿಗಿದಷ್ಟೂ ಚೌಕಟ್ಟು ಗೋಡೆಯ ಕಡೆಗೆ ಎಳೆದುಕೊಂಡು ಬಾಗುತ್ತದೆ. ಸ್ಲೈಡಿಂಗ್ ಕಿಟಕಿಯ ತಳಪಟ್ಟಿಯಲ್ಲಿ ಸ್ಕ್ರೂ ಹಾಕಿದರೆ ಅದು ನೀರು ನಿಲ್ಲುವ ಜಾಗದ ಮೂಲಕವೇ ಹಾದುಹೋಗುತ್ತದೆ. ಆ ತೂತಿಗೆ ಮೊದಲು ಸಿಲಿಕೋನ್ ತುಂಬಿ, ಸ್ಕ್ರೂ ಬಿಗಿದು, ತಲೆಯ ಮೇಲೆಯೂ ಸಿಲಿಕೋನ್ ಹಚ್ಚಿ ಮುಚ್ಚಳ ಹಾಕದಿದ್ದರೆ, ನೀರು ಸದ್ದಿಲ್ಲದೆ ಗೋಡೆಯೊಳಕ್ಕೆ ಇಳಿಯುತ್ತಿರುತ್ತದೆ.

ಬಿಟ್ಟ ಸಂದಿಗೆ ಫೋಮ್, ಅಂದರೆ ಉಬ್ಬಿ ಗಟ್ಟಿಯಾಗುವ ನೊರೆ, ತುಂಬುತ್ತೇವೆ. ಫೋಮ್ ಸಂದು ಮುಚ್ಚುತ್ತದೆಯೇ ಹೊರತು ಕಿಟಕಿಯನ್ನು ಹಿಡಿದು ನಿಲ್ಲಿಸುವುದಿಲ್ಲ. ಸ್ಕ್ರೂ ಉಳಿಸಲು ಫೋಮ್ ಮಾತ್ರ ಹೊಡೆದು ಹೋಗುವವರನ್ನು ದಯವಿಟ್ಟು ತಡೆಯಿರಿ. ಬಿಸಿಲು ಬಿದ್ದರೆ ಫೋಮ್ ಹಳದಿಯಾಗಿ ಪುಡಿಪುಡಿಯಾಗುತ್ತದೆ, ಆದ್ದರಿಂದ ಹೊರಗಡೆ ಅದರ ಮೇಲೆ ಹವಾಮಾನ ತಡೆಯುವ ನ್ಯೂಟ್ರಲ್ ಸಿಲಿಕೋನ್‌ನ ಗೆರೆ ಎಳೆಯಬೇಕು. ವಿನೆಗರ್‌ನಂತೆ ಮೂಗಿಗೆ ಹೊಡೆಯುವ ಅಗ್ಗದ ಸಿಲಿಕೋನ್ ಗಾರೆಗೆ ಸರಿಯಾಗಿ ಅಂಟುವುದಿಲ್ಲ, ಲೋಹದ ಭಾಗಗಳಿಗೆ ತುಕ್ಕನ್ನೂ ತರುತ್ತದೆ.

ಎರಡನೆಯದು ಆ ಸೀಳುಕಂಡಿಗಳು. ಸ್ಲೈಡಿಂಗ್ ಕಿಟಕಿಯ ಟ್ರ್ಯಾಕ್‌ಗೆ ಮಳೆನೀರು ಬಂದೇ ಬರುತ್ತದೆ. ಬಂದ ನೀರು ಚೌಕಟ್ಟಿನೊಳಗಿನ ಟೊಳ್ಳು ಕೋಣೆಗಳ ಮೂಲಕ ಆ ಕಂಡಿಗಳಿಂದ ಹೊರಗೆ ಹೋಗಲಿ ಎಂದೇ ಅವುಗಳನ್ನು ಇಟ್ಟಿರುತ್ತಾರೆ. ಅವು ನೀರು ಒಳಬರುವ ದಾರಿಯಲ್ಲ, ಹೊರಹೋಗುವ ದಾರಿ. ತಮ್ಮಲ್ಲಿ ಬಂದವರು ಅದನ್ನು ತಿಳಿಯದೆ ಮುಚ್ಚಿದ್ದಾರೆ. ಇವತ್ತೇ ಒಂದು ಬಿದಿರುಕಡ್ಡಿಯಿಂದ ಆ ಸಿಲಿಕೋನನ್ನು ಮೆಲ್ಲಗೆ ತೆಗೆಯಿರಿ, ಮುಂದಿನ ಮಳೆಗೆ ವ್ಯತ್ಯಾಸ ಕಾಣುತ್ತದೆ.

ನಿವೃತ್ತ ಸಿವಿಲ್ ಎಂಜಿನಿಯರ್, ವಿದ್ಯಾನಗರ, ದಾವಣಗೆರೆ

ತಯಾರಕರು ಬರೆದದ್ದನ್ನು ಅನುಮೋದಿಸುತ್ತ ಗಾಳಿಯ ವಿಷಯವನ್ನು ಸೇರಿಸುತ್ತೇನೆ. ಆಷಾಢದಲ್ಲಿ ನಮ್ಮ ಕಡೆ ಬೀಸುವ ಪಡುವಣ ಗಾಳಿಯ ಬಲವನ್ನು ಚಿತ್ರದುರ್ಗದ ಜೋಗಿಮಟ್ಟಿಯ ಮೇಲಿನ ಗಾಳಿಯಂತ್ರಗಳನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಂಟೆಗೆ 54 ಕಿ.ಮೀ. ವೇಗದ ಗಾಳಿ ಗೋಡೆಯ ಮೇಲೆ ಸುಮಾರು 14 ಮಿ.ಮೀ. ಎತ್ತರದ ನೀರಿನಷ್ಟು ಒತ್ತಡವನ್ನು ಹಾಕುತ್ತದೆ. ಅಂದರೆ ಅಂಥ ಗಾಳಿ ಬೀಸುತ್ತಿರುವಷ್ಟು ಹೊತ್ತು, ಕಂಡಿಗಳು ತೆರೆದಿದ್ದರೂ ಟ್ರ್ಯಾಕ್‌ನೊಳಗೆ ಅಷ್ಟು ನೀರು ನಿಂತೇ ಇರುತ್ತದೆ, ಗಾಳಿ ತಗ್ಗಿದ ಮೇಲೆ ಹರಿದುಹೋಗುತ್ತದೆ. ಟ್ರ್ಯಾಕ್‌ನ ಒಳಅಂಚು ಅದಕ್ಕಿಂತ ಸಾಕಷ್ಟು ಎತ್ತರವಿದ್ದರೆ ಮನೆಯೊಳಗೆ ಹನಿಯೂ ಬೀಳುವುದಿಲ್ಲ. ಕಂಡಿ ಮುಚ್ಚಿದ್ದರಂತೂ ಎಷ್ಟು ಎತ್ತರದ ಅಂಚಿದ್ದರೂ ಸಾಲದು.

ನನ್ನ ಅಭಿಪ್ರಾಯದಲ್ಲಿ ಗಾಳಿಗೆ ಎದುರಾದ ಗೋಡೆಗೆ ಸ್ಲೈಡಿಂಗ್‌ಗಿಂತ, ಹಿಂಜಿನ ಮೇಲೆ ತೆರೆದು ಮುಚ್ಚುವ ಕೇಸ್‌ಮೆಂಟ್ ಕಿಟಕಿಯೇ ಮೇಲು. ಅದರ ಕದವನ್ನು ಹಿಡಿಕೆ ತಿರುಗಿಸಿ ಮುಚ್ಚಿದಾಗ ಸುತ್ತಲಿನ ರಬ್ಬರ್ ಗ್ಯಾಸ್ಕೆಟ್ ಒತ್ತಿಕೊಂಡು ನೀರನ್ನೂ ದೂಳನ್ನೂ ಸದ್ದನ್ನೂ ತಡೆಯುತ್ತದೆ. ಸ್ಲೈಡಿಂಗ್‌ನಲ್ಲಿ ಕದ ಸರಿಯಬೇಕಾದ್ದರಿಂದ ಬ್ರಷ್‌ನಂಥ ಪಟ್ಟಿ ಮಾತ್ರ ಇರುತ್ತದೆ, ಅದು ಎಂದೂ ಅಷ್ಟು ಬಿಗಿಯಾಗಲಾರದು. ಹೊರಗಡೆ ಕಬ್ಬಿಣದ ಗ್ರಿಲ್ ಬೇಕೆನ್ನುವವರು ಕೇಸ್‌ಮೆಂಟ್ ಕದ ಒಳಕ್ಕೆ ತೆರೆಯುವಂತೆ ಮಾಡಿಸಬಹುದು ಅಥವಾ ಗ್ರಿಲ್ಲನ್ನು ಒಳಗಡೆ ಕೊಡಬಹುದು. ಯಾವ ಕಡೆಯಾದರೂ ಗ್ರಿಲ್ಲನ್ನು ಗೋಡೆಗೇ ಬಿಗಿಯಬೇಕು, ಯುಪಿವಿಸಿ ಚೌಕಟ್ಟಿಗೆ ತೂತು ಹೊಡೆಯಬಾರದು.

ಸೋರುವ ಜಾಗವನ್ನು ಊಹಿಸುವ ಬದಲು ಪರೀಕ್ಷಿಸಿ ತಿಳಿಯಿರಿ. ಮಳೆ ಇಲ್ಲದ ದಿನ ಒಬ್ಬರು ಒಳಗೆ ನಿಂತಿರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ. ಮೊದಲು ಕಿಟಕಿಯ ಕೆಳಗಿನ ಗೋಡೆಗೆ, ಆಮೇಲೆ ತಳಪಟ್ಟಿಗೆ, ಬದಿಗಳಿಗೆ, ಗಾಜಿಗೆ, ಕೊನೆಯಲ್ಲಿ ಮೇಲ್ಭಾಗಕ್ಕೂ ಸಜ್ಜಾದ ಬುಡಕ್ಕೂ, ಒಂದೊಂದು ಕಡೆ ಐದರಿಂದ ಹತ್ತು ನಿಮಿಷ. ಕೆಳಗಿನಿಂದ ಮೇಲಕ್ಕೆ ಹೋಗುವುದು ಮುಖ್ಯ, ಏಕೆಂದರೆ ಮೊದಲೇ ಮೇಲಿನಿಂದ ಬಿಟ್ಟರೆ ನೀರು ಎಲ್ಲ ಕಡೆ ಹರಿದು ಎಲ್ಲಿಂದ ಒಳಬಂತೆಂದು ತಿಳಿಯುವುದಿಲ್ಲ. ಎಷ್ಟೋ ಮನೆಗಳಲ್ಲಿ ಕಿಟಕಿಯ ಮೇಲೆ ಹೊರಿಸಿದ ಅಪವಾದ ನಿಜವಾಗಿ ಸಜ್ಜಾದ ಬಿರುಕಿನದಾಗಿರುತ್ತದೆ.

ನಿಟುವಳ್ಳಿ, ದಾವಣಗೆರೆ

ನಮ್ಮ ಮನೆಗೆ ಯುಪಿವಿಸಿ ಹಾಕಿಸಿ ಎಂಟು ವರ್ಷವಾಗಿದೆ. ಕೂರಿಸುವ ವಿಷಯ ನನಗೆ ಅಷ್ಟಾಗಿ ತಿಳಿಯದು, ಆದರೆ ನೋಡಿಕೊಳ್ಳುವ ಅನುಭವವನ್ನು ಹಂಚಿಕೊಳ್ಳಬಲ್ಲೆ.

ಮೊದಲಿಗೆ, ಚೌಕಟ್ಟಿನ ಮೇಲಿರುವ ರಕ್ಷಣೆಯ ಪ್ಲಾಸ್ಟಿಕ್ ಹಾಳೆಯನ್ನು ಗೃಹಪ್ರವೇಶದವರೆಗೆ ಇರಲಿ ಎಂದು ಬಿಡಬೇಡಿ. ಬಣ್ಣ ಬಳಿಯುವ ಕೆಲಸ ಉಳಿದಿದೆಯೆಂದು ನಾವು ಆರು ತಿಂಗಳು ಬಿಟ್ಟೆವು. ಬಿಸಿಲಿಗೆ ಅಂಟು ಬೆಂದು, ಹಾಳೆ ಚೂರುಚೂರಾಗಿ ಕಿತ್ತುಬರುವಾಗ ಅಂಟು ಅಲ್ಲಿಯೇ ಉಳಿಯಿತು. ಅದನ್ನು ತೆಗೆಯಲು ಬಣ್ಣದವರು ಥಿನ್ನರ್ ಹಚ್ಚಿ ಉಜ್ಜಿದರು. ಆ ಜಾಗದ ಹೊಳಪು ಹೋಗಿ ಇಂದಿಗೂ ಮಂಕಾಗಿದೆ, ಅದಕ್ಕೆ ಪರಿಹಾರವಿಲ್ಲ. ಥಿನ್ನರ್, ಪೆಟ್ರೋಲ್, ಉಗುರುಬಣ್ಣ ತೆಗೆಯುವ ದ್ರವ, ಪಾತ್ರೆ ತಿಕ್ಕುವ ಉಕ್ಕಿನ ನಾರು, ಇವು ಯಾವುವೂ ಈ ಮೇಲ್ಮೈಗೆ ತಾಗಬಾರದು. ಬಣ್ಣ ಬಳಿಯುವಾಗ ಬೇರೆ ಹಾಳೆ ಹೊದಿಸಿ, ಕೆಲಸ ಮುಗಿದ ದಿನವೇ ತೆಗೆಯುವುದು ಒಳ್ಳೆಯದು. ಸಿಮೆಂಟ್ ಹನಿ ಬಿದ್ದರೆ ಹಸಿಯಿರುವಾಗಲೇ ನೀರಿನಲ್ಲಿ ತೊಳೆಯಿರಿ, ಒಣಗಿದರೆ ಗಾಜಿನ ಮೇಲೂ ಕಲೆ ಉಳಿಯುತ್ತದೆ.

ನಮ್ಮೂರಿನಲ್ಲಿ ಮಂಡಕ್ಕಿ ಭಟ್ಟಿಗಳ ಕಡೆಯಿಂದ ಗಾಳಿ ಬಂದಾಗ ಎಣ್ಣೆಜಿಡ್ಡಿನ ಮಸಿ ಬಿಳಿ ಚೌಕಟ್ಟಿನ ಮೇಲೆ ಕೂರುತ್ತದೆ. ತಿಂಗಳಿಗೊಮ್ಮೆ ಬಕೆಟ್ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ದ್ರವ ಹಾಕಿ, ಮೆತ್ತಗಿನ ಬಟ್ಟೆಯಲ್ಲಿ ಒರೆಸಿ, ಬರಿಯ ನೀರಿನಲ್ಲಿ ಮತ್ತೊಮ್ಮೆ ಒರೆಸಿದರೆ ಸಾಕು. ಕೊಳವೆಬಾವಿಯ ನೀರು ಗಡಸಾದ್ದರಿಂದ ಹಾಗೆಯೇ ಒಣಗಲು ಬಿಟ್ಟರೆ ಗಾಜಿನ ಮೇಲೆ ಬಿಳಿಯ ಚುಕ್ಕೆಗಳು ಕೂರುತ್ತವೆ, ಕೊನೆಗೆ ಒಣಬಟ್ಟೆ ಆಡಿಸಿ. ಹಿತ್ತಲ ಬಾಗಿಲಿನ ಹೊಸ್ತಿಲಿಗೆ ನಮ್ಮ ಅತ್ತೆಯವರು ಅರಿಸಿನ ಹಚ್ಚಿದ ಕಲೆ ಬಿಳಿ ಪಟ್ಟಿಯ ಮೇಲೆ ಉಳಿದಾಗ ನಾನು ಬಹಳ ಉಜ್ಜಿದೆ, ಹೋಗಲಿಲ್ಲ. ಬಿಸಿಲು ಬೀಳುವ ಕಡೆಯಾದ್ದರಿಂದ ಕೆಲವು ದಿನಗಳಲ್ಲಿ ತಾನಾಗಿಯೇ ಮಾಸಿತು. ಹೊಸ್ತಿಲ ದೀಪವನ್ನು ಮಾತ್ರ ಚೌಕಟ್ಟಿಗೆ ಒತ್ತಿ ಇಡಬೇಡಿ.

ಟ್ರ್ಯಾಕ್‌ನ ದೂಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಸಡಿಲಿಸಿ ವ್ಯಾಕ್ಯೂಮ್‌ನಿಂದ ಎಳೆದುಕೊಳ್ಳುತ್ತೇನೆ. ಆರಿದ್ರಾ ಮಳೆಗೆ ಮುಂಚೆ ಒಂದು ಸಲ ಪ್ರತಿ ಕಿಟಕಿಯ ಟ್ರ್ಯಾಕ್‌ಗೆ ಒಂದು ಲೋಟ ನೀರು ಹಾಕಿ, ಹೊರಗಿನ ಕಂಡಿಯಿಂದ ಇಳಿಯುತ್ತದೆಯೇ ಎಂದು ನೋಡುವುದು ನಮ್ಮ ಮನೆಯಲ್ಲಿ ಈಗ ರೂಢಿಯಾಗಿದೆ. ಒಂದು ವರ್ಷ ಕಣಜದ ಹುಳು ಕಂಡಿಯೊಳಗೆ ಮಣ್ಣಿನ ಗೂಡು ಕಟ್ಟಿತ್ತು.

ಯುಪಿವಿಸಿ ಕಿಟಕಿ ತಯಾರಕ, ಚಿತ್ರದುರ್ಗ

ಅಕ್ಕನವರು ಬರೆದದ್ದು ಅಕ್ಷರಶಃ ಸರಿ. ಎಣ್ಣೆಯ ವಿಷಯ ಒಂದನ್ನು ಸೇರಿಸುತ್ತೇನೆ. ಹಿಂಜು, ಹಿಡಿಕೆಯ ಒಳಯಂತ್ರ ಮತ್ತು ಲಾಕ್ ಕೂರುವ ಜಾಗಗಳಿಗೆ ವರ್ಷಕ್ಕೆ ಎರಡು ಸಲ ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದೆರಡು ಹನಿ ಬಿಡಬೇಕು. ರಬ್ಬರ್ ಗ್ಯಾಸ್ಕೆಟ್‌ಗೆ ಎಣ್ಣೆ ತಾಗಿದರೆ ಅದು ಉಬ್ಬಿ ಹಾಳಾಗುತ್ತದೆ, ಅದಕ್ಕೆ ಸಿಲಿಕೋನ್ ಸ್ಪ್ರೇಯನ್ನು ಬಟ್ಟೆಗೆ ಹೊಡೆದುಕೊಂಡು ಸವರಬೇಕು. ಟ್ರ್ಯಾಕ್‌ಗೆ ಗ್ರೀಸ್ ಅಥವಾ ಕೊಬ್ಬರಿ ಎಣ್ಣೆ ಹಾಕುವವರಿದ್ದಾರೆ, ಅದು ದೂಳನ್ನು ಹಿಡಿದು ರೋಲರನ್ನೇ ತಿನ್ನುತ್ತದೆ. ಟೈಲ್ಸ್ ತೊಳೆಯುವ ಆ್ಯಸಿಡ್‌ನ ಆವಿ ಬಚ್ಚಲಿನ ಕಿಟಕಿಯ ಹಿಂಜುಗಳಿಗೆ ತುಕ್ಕು ತರುತ್ತದೆ, ಆದ್ದರಿಂದ ಆ ದಿನ ಕಿಟಕಿ ತೆರೆದಿಟ್ಟು ಲೋಹದ ಭಾಗಗಳನ್ನು ನೀರಿನಲ್ಲಿ ಒರೆಸಿ.

ಬಡಗಿ, ಹರಿಹರ

ನಾನು ಮರದ ಕೆಲಸದವನು, ತಂದೆಯವರ ಕಾಲದಿಂದ ಇದೇ ವೃತ್ತಿ. ಆದರೂ ಕಿಟಕಿಗಳಿಗೆ ಯುಪಿವಿಸಿ ಹಾಕಿಸುವವರನ್ನು ನಾನು ತಪ್ಪೆನ್ನುವುದಿಲ್ಲ, ಈಗ ಸಿಗುವ ಹಸಿ ಮರಕ್ಕಿಂತ ಅದು ಎಷ್ಟೋ ಮೇಲು. ತಲೆಬಾಗಿಲನ್ನು ಮಾತ್ರ ಮರದಲ್ಲಿಯೇ ಉಳಿಸಿಕೊಂಡದ್ದು ಒಳ್ಳೆಯ ನಿರ್ಧಾರ. ದಿನವೂ ನೂರು ಸಲ ತೆರೆದು ಮುಚ್ಚುವ ಬಾಗಿಲಿನ ಭಾರವನ್ನು ತೇಗದ ಚೌಕಟ್ಟು ತಲೆಮಾರುಗಳ ಕಾಲ ಹೊರುತ್ತದೆ, ಕೆಟ್ಟರೆ ಅದನ್ನು ಬಿಚ್ಚಿ ಸರಿಪಡಿಸಬಹುದು. ಯುಪಿವಿಸಿಯ ಮೂಲೆಗಳನ್ನು ಕಾಯಿಸಿ ಬೆಸೆದಿರುತ್ತಾರೆ, ಬಿಚ್ಚಲು ಬರುವುದಿಲ್ಲ. ಮರದ ಬಾಗಿಲು ಮಳೆಗಾಲದಲ್ಲಿ ಉಬ್ಬಿದರೆ ಹತ್ತರಿ ಹಿಡಿದು ಸವರುತ್ತೇವೆ, ಯುಪಿವಿಸಿಯನ್ನು ಸವರಲಾಗುವುದಿಲ್ಲ. ಆದ್ದರಿಂದ ಅಲ್ಲಿ ಅಳತೆ ಮೊದಲೇ ಸರಿಯಿರಬೇಕು.

ಕೂರಿಸುವವರು ತಾತ್ಕಾಲಿಕವಾಗಿ ಕೊಟ್ಟ ಮರದ ಬೆಣೆಗಳನ್ನು ಒಳಗೇ ಬಿಟ್ಟು ಗಿಲಾವು ಮಾಡಿಸಿರುವುದನ್ನು ಎರಡು ಮನೆಗಳಲ್ಲಿ ಕಂಡಿದ್ದೇನೆ. ನೀರು ಕುಡಿದ ಬೆಣೆ ಉಬ್ಬಿ ಚೌಕಟ್ಟನ್ನು ಒತ್ತುತ್ತದೆ, ಆಮೇಲೆ ಗೆದ್ದಲಿಗೆ ಅದೇ ದಾರಿಯಾಗುತ್ತದೆ. ಶಾಮನೂರು ರಸ್ತೆಯವರು ಚೌಕಟ್ಟು ಬಿಚ್ಚಿಸುವಾಗ ಇದನ್ನೂ ನೋಡಿಸಲಿ.

ಹೊಳಲ್ಕೆರೆ ರಸ್ತೆ, ಚಿತ್ರದುರ್ಗ

ನಾವು ಈಗ ಗಿಲಾವಿನ ಹಂತದಲ್ಲಿದ್ದೇವೆ. ಎಲ್ಲರೂ ಚದರಡಿಗೆ ಇಷ್ಟು ಎಂದಷ್ಟೇ ದರ ಹೇಳುತ್ತಾರೆ, ಒಬ್ಬರಿಗೂ ಇನ್ನೊಬ್ಬರಿಗೂ ಬಹಳ ವ್ಯತ್ಯಾಸವಿದೆ. ಒಪ್ಪಂದದಲ್ಲಿ ಏನೇನು ಬರೆಸಿಕೊಳ್ಳಬೇಕು?

ಯುಪಿವಿಸಿ ಕಿಟಕಿ ತಯಾರಕ, ಚಿತ್ರದುರ್ಗ

ದರದ ವ್ಯತ್ಯಾಸ ಅಡಗಿರುವುದು ಕಣ್ಣಿಗೆ ಕಾಣದ ಕಡೆ, ಮುಖ್ಯವಾಗಿ ಒಳಗಿನ ಉಕ್ಕಿನಲ್ಲಿ. ಯುಪಿವಿಸಿಗಿಂತ ಉಕ್ಕು ಬಾಗದೆ ನಿಲ್ಲುವುದರಲ್ಲಿ ಸುಮಾರು 80 ಪಟ್ಟು ಗಟ್ಟಿ. ಪಟ್ಟಿಯ ಒಳಕೋಣೆಯಲ್ಲಿ ಸತು ಲೇಪಿಸಿದ ಉಕ್ಕಿನ ಕೊಳವೆ ಇಲ್ಲದ ಅಗಲ ಕಿಟಕಿ ಗಾಳಿಗೆ ನಡುವೆ ಬಾಗುತ್ತದೆ. ಕೆಲವರು ಉಕ್ಕನ್ನೇ ಹಾಕುವುದಿಲ್ಲ, ಕೆಲವರು ಎರಡು ಗೇಣು ತುಂಡು ಹಾಕಿ ಇದೆ ಎನ್ನುತ್ತಾರೆ. ಉಕ್ಕಿನ ದಪ್ಪ ಎಷ್ಟು, ಪಟ್ಟಿಯ ಪೂರ್ತಿ ಉದ್ದಕ್ಕೂ ಇದೆಯೇ ಎಂಬುದನ್ನು ಬರೆಸಿಕೊಳ್ಳಿ, ಸಾಮಾನು ಬಂದಾಗ ಬಲವಾದ ಅಯಸ್ಕಾಂತವನ್ನು ಪಟ್ಟಿಯ ಉದ್ದಕ್ಕೂ ಆಡಿಸಿ ನೋಡಿ. ಸಾಧ್ಯವಾದರೆ ಮೂಲೆ ಬೆಸೆಯುವ ಮೊದಲು ಕಾರ್ಖಾನೆಗೇ ಹೋಗಿ ನೋಡಿ. ಪ್ರಾಮಾಣಿಕವಾಗಿ ಕೆಲಸ ಮಾಡುವವರು ಇದಕ್ಕೆ ಬೇಸರಪಡುವುದಿಲ್ಲ.

ಪಟ್ಟಿಯ ಹೊರಗೋಡೆಯ ದಪ್ಪವನ್ನೂ ಕೇಳಿ. ಯುರೋಪಿನ ಇಎನ್ 12608 ಮಾನದಂಡದಲ್ಲಿ ಕಾಣುವ ಹೊರಗೋಡೆ ಕನಿಷ್ಠ 2.8 ಮಿ.ಮೀ. ಇದ್ದರೆ ಎ ವರ್ಗ, 2.5 ಮಿ.ಮೀ. ಇದ್ದರೆ ಬಿ ವರ್ಗ. ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆಯಲು ಪಟ್ಟಿ ಮಾಡುವ ಪುಡಿಯಲ್ಲಿ ಟೈಟಾನಿಯಂ ಡೈಆಕ್ಸೈಡ್ ಸಾಕಷ್ಟಿರಬೇಕು, ಅದನ್ನು ಉಳಿಸಿ ಸುಣ್ಣಕಲ್ಲಿನ ಪುಡಿ ಹೆಚ್ಚಿಸಿದ ಪಟ್ಟಿ ಕೆಲವೇ ವರ್ಷಗಳಲ್ಲಿ ಹಳದಿಗಟ್ಟಿ ಒಡಕಲಾಗುತ್ತದೆ. ಇದನ್ನು ಕಣ್ಣಿನಲ್ಲಿ ಅಳೆಯಲಾಗದು, ಆದ್ದರಿಂದ ಆ ಪಟ್ಟಿಯಿಂದಲೇ ಮಾಡಿದ, ಐದಾರು ಬೇಸಿಗೆ ಕಂಡ ಕಿಟಕಿ ಯಾರ ಮನೆಯಲ್ಲಿದೆ ಎಂದು ಕೇಳಿ ಹೋಗಿ ನೋಡುವುದೇ ಉತ್ತಮ. ಬಾಗಿಲಿಗೂ ನೆಲದ ಹತ್ತಿರದವರೆಗೆ ಬರುವ ಕಿಟಕಿಗೂ ಟಫನ್ ಮಾಡಿದ, ಅಂದರೆ ಕಾಯಿಸಿ ಗಟ್ಟಿಗೊಳಿಸಿದ ಗಾಜನ್ನೇ ಬರೆಸಿ, ಅದರ ಮೂಲೆಯಲ್ಲಿ ಮುದ್ರೆ ಇದೆಯೇ ನೋಡಿ. ಸೊಳ್ಳೆ ಜಾಲರಿಗೆ ಬೇರೆ ಟ್ರ್ಯಾಕ್, ಸ್ಕ್ರೂಗಳ ಅಂತರ, ಸಿಲಿಕೋನ್‌ನ ಬಗೆ, ಮೊದಲ ಮಳೆಗಾಲದ ನಂತರ ಬಂದು ರೋಲರ್ ಮತ್ತು ಹಿಂಜುಗಳನ್ನು ಸರಿಹೊಂದಿಸುವ ಮಾತು, ಇವೂ ಕಾಗದದಲ್ಲಿರಲಿ.

ಮನೆಯಲ್ಲಿ ವಯಸ್ಸಾದವರಿದ್ದರೆ ಬಾಲ್ಕನಿಯ ಸ್ಲೈಡಿಂಗ್ ಬಾಗಿಲಿನ ಟ್ರ್ಯಾಕ್ ನೆಲದಿಂದ ಎಷ್ಟು ಮೇಲೇಳುತ್ತದೆ ಎಂದು ನೆಲಹಾಸಿಗೆ ಮೊದಲೇ ಕೇಳಿಕೊಳ್ಳಿ. ನನ್ನ ತಾಯಿಯವರು ಅಂಥದ್ದೇ ಟ್ರ್ಯಾಕ್ ಎಡವಿ ಬಿದ್ದ ಮೇಲೆ, ಬಾಗಿಲು ನೋಡಲು ಹೋದ ಮನೆಯಲ್ಲೆಲ್ಲ ನಾನಾಗಿಯೇ ಇದನ್ನು ಮೊದಲು ಕೇಳುತ್ತೇನೆ.

ಶಾಮನೂರು ರಸ್ತೆ, ದಾವಣಗೆರೆ

ಎಲ್ಲರಿಗೂ ಕೃತಜ್ಞತೆ ತಿಳಿಸುತ್ತ, ನಡೆದದ್ದನ್ನು ಬರೆಯುತ್ತಿದ್ದೇನೆ. ಕಂಡಿಗಳ ಸಿಲಿಕೋನ್ ತೆಗೆದ ವಾರದಲ್ಲಿಯೇ ಹುಬ್ಬೆ ಮಳೆ ಜೋರಾಗಿ ಬಂತು. ಟ್ರ್ಯಾಕ್‌ನಲ್ಲಿ ನೀರು ನಿಂತಿತು, ಗಾಳಿ ತಗ್ಗಿದ ಮೇಲೆ ಹರಿದುಹೋಯಿತು, ಒಳಗಿನ ಅಂಚನ್ನು ದಾಟಲಿಲ್ಲ. ಆದರೂ ಒಳಗೋಡೆಯ ಕೆಳಮೂಲೆಯಲ್ಲಿ ತೇವ ಉಳಿದಿತ್ತು. ಎಂಜಿನಿಯರ್ ಅವರು ಹೇಳಿದಂತೆ ಪೈಪಿನಲ್ಲಿ ನೀರು ಬಿಟ್ಟು ನೋಡಿದಾಗ, ತಳಪಟ್ಟಿಗೆ ನೀರು ಬಿಟ್ಟ ಏಳನೇ ನಿಮಿಷಕ್ಕೆ ಆ ಮೂಲೆ ಒದ್ದೆಯಾಯಿತು.

ಬೇರೆಯವರನ್ನು ಕರೆಸಿ ಕದಗಳನ್ನು ಎತ್ತಿ ತೆಗೆಸಿ, ಸುತ್ತಲಿನ ಗಾರೆ ಒಡೆಸಿ, ಚೌಕಟ್ಟು ಬಿಚ್ಚಿಸಿದೆವು. ತಳದ ನಾಲ್ಕು ಸ್ಕ್ರೂ ತೂತುಗಳಲ್ಲಿ ಒಂದಕ್ಕೂ ಸಿಲಿಕೋನ್ ಇರಲಿಲ್ಲ. ಹರಿಹರದ ಅಣ್ಣನವರು ಎಚ್ಚರಿಸಿದಂತೆ ಎರಡು ಮರದ ಬೆಣೆಗಳೂ ಸಿಕ್ಕವು, ಒಂದು ಕೊಳೆತಿತ್ತು. ಬಾಯಿಯನ್ನು ಬದಿಗೆ 8 ಮಿ.ಮೀ. ಸಿಗುವಂತೆ ದೊಡ್ಡದು ಮಾಡಿ, ಗ್ರಾನೈಟಿನ ಹೊರಭಾಗವನ್ನು ತಗ್ಗಿಸಿ ಹೊರಕ್ಕೆ ಇಳಿಜಾರು ಕೊಟ್ಟು, ಅದೇ ಚೌಕಟ್ಟನ್ನೇ ಮತ್ತೆ ಕೂರಿಸಿದ್ದಾರೆ. ಈಗ ಎರಡೂ ಕರ್ಣಗಳಿಗೆ 1 ಮಿ.ಮೀ. ಮಾತ್ರ ವ್ಯತ್ಯಾಸವಿದೆ. ಆಮೇಲೆ ಎರಡು ದೊಡ್ಡ ಮಳೆ ಬಂದರೂ ಗೋಡೆ ಒಣಗಿದೆ. ಬಿಸಿಲಿನಲ್ಲಿ ಕದ ಬಿಗಿಯಾಗುತ್ತದೆಯೋ ಇಲ್ಲವೋ ಎಂಬುದನ್ನು ಮಾರ್ಚ್‌ನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ನೋಡಿ ಇಲ್ಲಿಯೇ ತಿಳಿಸುತ್ತೇನೆ. ಪಶ್ಚಿಮದ ಇನ್ನೆರಡು ಕಿಟಕಿಗಳಿಗೂ ಗಾರೆಯನ್ನು ಹೀಗೆಯೇ ಒತ್ತಿದ್ದಾರೆ, ದೀಪಾವಳಿ ಕಳೆದು ಮಳೆ ನಿಂತ ಮೇಲೆ ಅವುಗಳನ್ನೂ ಬಿಚ್ಚಿಸುತ್ತೇವೆ.